ಜಗಲಿಗೆ ಬಿದ್ದ ಮತಗಳು

ನಮ್ಮ ಇಗರ್ಜಿಯ ಆಡಳಿತಕ್ರಮ ಬದಲಾದದ್ದು ಈ ಶತಮಾನದ ಮೊದಲ ದಶಕದಲ್ಲಿ, ನಾನು ಶಾಲೆಯ ಕನ್ನಡ ಪಂಡಿತನ ಹುದ್ದೆಯಿಂದ ನಿವೃತ್ತನಾದ ಮೇಲೆ. ಕಾಸರಗೋಡಿನಿಂದ ಪೆರ್ಲದ ಕಡೆಗೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲಿ ಇಳಿದು, ಮುರಕಲ್ಲಿನ ಗುಡ್ಡ ಹತ್ತಿದರೆ ಸಿಗುವ ಸಣ್ಣ ಚರ್ಚು ಅದು. ಸುತ್ತಲಿನ ಕ್ರೈಸ್ತ ಮನೆಗಳನ್ನು ವಾರ್ಡುಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಒಬ್ಬ ಗುರ್ಕಾರನನ್ನು ಮುಖ್ಯಸ್ಥನಾಗಿ ಇಟ್ಟುಕೊಳ್ಳುವುದು ನಮ್ಮ ಹಿರಿಯರ ಪದ್ಧತಿ. ಸಾವಿನ ಸುದ್ದಿ ಮೊದಲು ಗುರ್ಕಾರರಿಗೆ ಮುಟ್ಟಬೇಕು. ಆಮೇಲೆಯೇ ಇಗರ್ಜಿಯ ಗಂಟೆ. ಮದುವೆಯ ಚಪ್ಪರದಲ್ಲಿ ಮೊದಲ ಪ್ರಾರ್ಥನೆ ಅವರದು. ಬೇಲಿಯ ಜಗಳವೂ ಪೊಲೀಸು ಠಾಣೆಗಿಂತ ಮುಂಚೆ ಅವರ ಜಗಲಿಯನ್ನು ಹತ್ತಬೇಕು.

ನಮ್ಮ ವಾರ್ಡಿನ ಗುರ್ಕಾರರು ನನ್ನ ಅಕ್ಕನ ಗಂಡ. ಅವರಿಗಿಂತ ಮೊದಲು ಅವರ ತಂದೆ, ಅದಕ್ಕೂ ಮೊದಲು ಅಜ್ಜ. ಯಾರೂ ಆರಿಸಿದ್ದಿಲ್ಲ, ಯಾರೂ ಆಕ್ಷೇಪಿಸಿದ್ದೂ ಇಲ್ಲ. ಭಾವನ ಗಂಭೀರ ಕಂಠ, ಬಿಳಿ ಮೀಸೆ, ಇಸ್ತ್ರಿಯ ಪಂಚೆ ಇವನ್ನು ಕಂಡವರಿಗೆ ದೇವರೇ ಅವರನ್ನು ಆ ಕೆಲಸಕ್ಕೆಂದು ಅಳತೆ ತೆಗೆದು ಮಾಡಿದಂತೆ ತೋರುತ್ತಿತ್ತು.

ಒಂದು ಭಾನುವಾರ ಬಲಿಪೂಜೆಯ ಕೊನೆಯಲ್ಲಿ ನಮ್ಮ ಧರ್ಮಗುರುಗಳು ಬಿಷಪರಿಂದ ಬಂದ ಹೊಸ ನಿಯಮಗಳನ್ನು ಓದಿದರು. ಇನ್ನು ಮುಂದೆ ಗುರ್ಕಾರರನ್ನು ವಾರ್ಡಿನ ಜನರು ಗುಪ್ತ ಮತದಿಂದ ಆರಿಸತಕ್ಕದ್ದು, ಸ್ತ್ರೀಯರೂ ಅರ್ಹರು, ದೀರ್ಘಕಾಲ ಸೇವೆ ಸಲ್ಲಿಸಿದವರು ಇತರರಿಗೆ ಎಡೆಮಾಡಿಕೊಡತಕ್ಕದ್ದು. ಭಾವ ಕಣ್ಣು ಮುಚ್ಚಿ ಕೇಳಿದರು. ಹೊರಗೆ ಬಂದು ನನ್ನ ಹೆಗಲು ತಟ್ಟಿ, "ಇದೆಲ್ಲ ಬೇರೆ ವಾರ್ಡಿಗೆ ಪಂಡಿತರೇ. ನಮ್ಮಲ್ಲಿ ಎಂತ ಸಮಸ್ಯೆ ಉಂಟು?" ಎಂದರು.

ಸಮಸ್ಯೆ ಇರಲಿಲ್ಲ, ನಿಯಮವಿತ್ತು. ಮುಂದಿನ ಭಾನುವಾರ ಭಾವನ ಜಗಲಿಯಲ್ಲೇ ಮತದಾನ ನಡೆಯಿತು. ಬೇರೆಲ್ಲಿ ಸೇರಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಯೇಸುವಿನ ಶಿಷ್ಯರಾದ ಪ್ರೇಷಿತರು ತಮ್ಮಲ್ಲಿ ತೆರವಾದ ಸ್ಥಾನವನ್ನು ಪ್ರಾರ್ಥಿಸಿ ಚೀಟಿ ಹಾಕಿ ತುಂಬಿದ್ದನ್ನು ಧರ್ಮಗುರುಗಳು ನೆನಪಿಸಿದರು. ನಾವೂ ಪ್ರಾರ್ಥಿಸಿದೆವು. ಬಳಿಕ ಪ್ರತಿಯೊಬ್ಬರೂ ಕೈಯಿಂದ ಮರೆಮಾಡಿಕೊಂಡು ಏನನ್ನೋ ಬರೆದು, ಮಡಚಿ, ಕಾಣಿಕೆಯ ಬುಟ್ಟಿಗೆ ಹಾಕಿದರು.

ಗುರುಗಳು ಮೊದಲನೆಯ ಚೀಟಿ ಬಿಡಿಸಿ ಓದಿದರು: "ಗುರ್ಕಾರರ ಹೆಂಡತಿ." ಎರಡನೆಯದೂ ಅದೇ. ಬುಟ್ಟಿ ಅರ್ಧ ಬರಿದಾಗುವ ಹೊತ್ತಿಗೆ ಅವರ ಹುಬ್ಬುಗಳು ಮೇಲೇರಿದ್ದವು.

"ಹೆಸರು ಬರೆಯಲಿಕ್ಕೆ ಹೇಳಿದ್ದಲ್ಲವಾ?"

ತೋಡೆಂಬ ಸಣ್ಣ ಹಳ್ಳದ ಆಚೆ ಒಂಟಿಯಾಗಿ ವಾಸಿಸುತ್ತಿದ್ದ ಮುದುಕಿ, ವಾರ್ಡಿನಲ್ಲಿ ಯಾರಿಗೂ ಹೆದರದವಳು, ಉತ್ತರಿಸಿದಳು: "ಹೆಸರು ಯಾರಿಗೆ ಗೊತ್ತು ಫಾದರ್? ನಮಗೆ ಮನೆ ಗೊತ್ತು."

ಆಗ ಎಲ್ಲ ಸ್ಪಷ್ಟವಾಯಿತು. ಗುರ್ಕಾರಿಕೆ ಮನುಷ್ಯನದ್ದಲ್ಲ, ಈ ಜಗಲಿಯದ್ದು ಎಂದು ನಮ್ಮ ಜನ ತಲೆಮಾರುಗಳಿಂದ ತಿಳಿದಿದ್ದರು. ಭಾವನಿಗೆ ಹಾಕುವಂತಿಲ್ಲವೆಂದಾಗ ಜಗಲಿಯ ಮೇಲೆ ಉಳಿದವರಿಗೆ ಹಾಕಿದರು. ಮನೆತನದ ಹಿಡಿತ ಸಡಿಲಿಸಲು ಬಂದ ನಿಯಮ ಅದೇ ಮನೆಗೆ ಅಧಿಕಾರ ಕೊಟ್ಟು ಕೈತೊಳೆದುಕೊಂಡಿತ್ತು. ಗುರುಗಳು ನನ್ನ ಮುಖ ನೋಡಿದರು. ನಾನು ಮಾಡಿನ ಹಂಚು ನೋಡಿದೆ.

ಭಾವನಿಗೆ ಪರಮ ಸಂತೋಷ. "ದೇವರ ಚಿತ್ತ," ಎಂದರು. "ಕಾಗದದಲ್ಲಿ ಇವಳು, ಕೆಲಸಕ್ಕೆ ನಾನು."

ಅಕ್ಕ ಒಳಗಿನಿಂದ ಕಾಫಿಯ ಲೋಟಗಳನ್ನು ತರುತ್ತಿದ್ದಳು. ಗಂಡನ ಲೋಟವನ್ನು ಎಲ್ಲರಿಗಿಂತ ಕೊನೆಗೆ ಇಟ್ಟಳು. ಅವಳ ತಮ್ಮನಾದ ನಾನು ಇಂಥ ಗುರುತನ್ನು ಬಾಲ್ಯದಿಂದ ಬಲ್ಲೆ. ಅದು ಒಪ್ಪಿಗೆಯದ್ದಾಗಿರಲಿಲ್ಲ. ಜಗಲಿ ಏರಿ ಬಂದವರ ಕಷ್ಟವನ್ನು ಇಷ್ಟು ಕಾಲ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದವಳು ಅವಳು. ಇನ್ನು ಅವಳು ನಿಜವಾಗಿ ಗುರ್ಕಾರಳಾಗುವಳೋ, ಗಂಡನ ತೀರ್ಮಾನಗಳಿಗೆ ಸಹಿ ಹಾಕುವವಳಾಗಿ ಉಳಿಯುವಳೋ ಎಂಬ ಚಿಂತೆ ನನ್ನನ್ನು ಹಿಡಿಯಿತು.

ಇಗರ್ಜಿಯ ಪಾಲನಾ ಪರಿಷತ್ತಿನ ಮೊದಲ ಸಭೆಯ ದಿನ ನಾನು ಅವರ ಮನೆಯಲ್ಲಿದ್ದೆ. ಭಾವ ಇಸ್ತ್ರಿಯ ಪಂಚೆ ಉಟ್ಟು ಕೊಡೆ ಹಿಡಿದು ಮೆಟ್ಟಿಲಿಳಿಯುತ್ತಿದ್ದರು.

"ಎಲ್ಲಿಗೆ ಹೊರಟದ್ದು?" ಅಕ್ಕ ಕೇಳಿದಳು. ಅವಳೂ ಸೀರೆ ಬದಲಿಸಿದ್ದಳು.

"ಸಭೆಗೆ."

"ಸಭೆಗೆ ನಾನು ಹೋಗುವುದು. ನೀವು ಕೋಳಿಗಳನ್ನು ಗೂಡಿಗೆ ಹಾಕಿ."

"ಕೋಳಿಗಳನ್ನಾ?"

"ಇಷ್ಟು ವರ್ಷ ನೀವು ಸಭೆಗೆ ಹೋದಾಗ ಅವು ತಾವಾಗಿ ಒಳಗೆ ಹೋಗಿ ಮಲಗುತ್ತಿದ್ದವು ಅಂತ ಗ್ರಹಿಸಿದಿರಾ?"

ಭಾವ ನನ್ನ ಕಡೆಗೆ ತಿರುಗಿದರು. "ನಿಮ್ಮ ಅಕ್ಕನಿಗೆ ಎಂತ ಆದದ್ದು ಪಂಡಿತರೇ?"

"ಆಯ್ಕೆ ಆದದ್ದು ಭಾವ," ಎಂದೆ.

ಅಂದು ಕೋಳಿ ಹಿಡಿಯಲು ನಾನೂ ನೆರವಾದೆ. ಆ ವಿದ್ಯೆ ನಮ್ಮಿಬ್ಬರಿಗೂ ಒಲಿಯಲಿಲ್ಲ.

ಅಕ್ಕ ಹೊಸ ತೀರ್ಮಾನದೊಂದಿಗೆ ಮರಳಿದಳು. ವಾರ್ಡಿನ ಮಾಸಿಕ ಪ್ರಾರ್ಥನೆ ಮತ್ತು ಸಭೆ ಇನ್ನು ಸರದಿಯಂತೆ ಮನೆಮನೆಯಲ್ಲಿ. ಮೊದಲನೆಯದು ತೋಡಿನ ಆಚೆಯ ಮುದುಕಿಯ ಮನೆಯಲ್ಲಿ. ಭಾವನ ಮುಖ ಬಾಡಿತು. "ಅಲ್ಲಿ ಕೂತುಕೊಳ್ಳಲಿಕ್ಕೆ ಜಾಗ ಉಂಟಾ?" ಎಂದರು. "ಜಗಲಿ ನೋಡಿ ವೋಟು ಹಾಕಿದ್ದಾರೆ," ಅಕ್ಕ ಶಾಂತಳಾಗಿಯೇ ಹೇಳಿದಳು. "ಮುಂದಿನ ಸಲ ಮನುಷ್ಯರನ್ನು ನೋಡಿ ಹಾಕಬೇಕಾದರೆ ಸಭೆ ಈ ಜಗಲಿಯಿಂದ ಇಳಿಯಬೇಕು." ತಾನು ಬರುವುದಿಲ್ಲವೆಂದು ಭಾವ ಹೇಳಿಬಿಟ್ಟರು. ಅಕ್ಕ ಒತ್ತಾಯಿಸಲಿಲ್ಲ. ಆ ರಾತ್ರಿ ಜಪಸರ ಪ್ರಾರ್ಥನೆಯಲ್ಲಿ ಅವಳ ದನಿ ಮಾತ್ರ ತುಸು ಕುಗ್ಗಿತ್ತು.

ಸಭೆಯ ಸಂಜೆ ಮುದುಕಿ ಅಂಗಳ ಗುಡಿಸಿ, ಸೆಗಣಿ ಸಾರಿಸಿ, ನೆರೆಯ ಬ್ಯಾರಿ ಮುಸ್ಲಿಮರ ಮನೆಯಿಂದ ಕುರ್ಚಿಗಳನ್ನು ಎರವಲು ತಂದಿದ್ದಳು. ತನ್ನ ಮನೆಗೆ ಇಡೀ ವಾರ್ಡು ಬಂದದ್ದು ಇದೇ ಮೊದಲೆಂದು ಬಂದವರೆಲ್ಲರಿಗೂ ಸಾರುತ್ತಿದ್ದಳು. ಅಕ್ಕ ಪ್ರಾರ್ಥನೆ ಆರಂಭಿಸಿದಳು. ಜಪಸರದ ಎರಡನೆಯ ರಹಸ್ಯಕ್ಕೆ, ಅಂದರೆ ಎರಡನೆಯ ಸುತ್ತಿಗೆ, ಬಂದಾಗ ತೋಡು ದಾಟುವ ಸಂಕದ ಮೇಲೆ ಇಸ್ತ್ರಿಯ ಪಂಚೆಯೊಂದು ಕಾಣಿಸಿತು. ಭಾವ ಬಂದು, ಕುರ್ಚಿಗಳೆಲ್ಲ ತುಂಬಿದ್ದರಿಂದ, ಚಾಪೆಯ ಮೇಲೆ ನನ್ನ ಪಕ್ಕ ಕುಳಿತರು. ಪ್ರಾರ್ಥನೆಗೆ ಉತ್ತರ ಕೊಡುವವರ ಸಾಲಿಗೆ ಆ ಗಂಭೀರ ಕಂಠ ಸೇರಿಕೊಂಡಿತು. ಅಕ್ಕನ ದನಿ ಒಮ್ಮೆ ತಡವರಿಸಿ, ಮತ್ತೆ ನೇರವಾಯಿತು.

ಸಭೆಯ ನಡುವೆ ಭಾವ ಕೈ ಎತ್ತಿದರು. ನಮ್ಮ ಕಾಲದ ಗಂಡಸರು ಹೆಂಡತಿಯನ್ನು ನಾಲ್ಕು ಜನರೆದುರು ಹೆಸರು ಹಿಡಿದು ಕರೆಯುವವರಲ್ಲ. ಮನೆಯಲ್ಲಿ ಭಾವನ ಸಂಬೋಧನೆ "ಕೇಳಿತಾ" ಎಂಬುದಷ್ಟೇ. ಇಲ್ಲಿ ಏನೆಂದು ಕರೆಯುವರೆಂದು ಎಲ್ಲರೂ ಕಾದರು. ಭಾವ ಎದ್ದುನಿಂತು ಗಂಟಲು ಸರಿಪಡಿಸಿಕೊಂಡರು.

"ಗುರ್ಕಾರರೇ, ಮುಂದಿನ ತಿಂಗಳ ಸಭೆಯನ್ನು ನಮ್ಮ ಮನೆಗೆ ಕರೆಯುತ್ತಿದ್ದೇನೆ."

"ಸರದಿ ಉಂಟು," ಎಂದಳು ಅಕ್ಕ. "ನಿಮ್ಮ ಮನೆಯ ಸರದಿ ಕೊನೆಗೆ."

ನಗು ತೋಡಿನಾಚೆಗೂ ಕೇಳಿಸಿರಬೇಕು. ಭಾವನೂ ನಕ್ಕರು. ಕುಳಿತುಕೊಳ್ಳುತ್ತ ನನ್ನ ಕಿವಿಯಲ್ಲಿ, "ಕಾಫಿಯಾದರೂ ಸರದಿಗೆ ಮುಂಚೆ ಸಿಗಬಹುದಾ ಕೇಳಿ ಪಂಡಿತರೇ," ಎಂದರು.