ಶೇಕಡಾ ಇಪ್ಪತ್ತರ ಕುಸಿತ

ಶೇಕಡಾ ಇಪ್ಪತ್ತು. ಆ ಅಂಕಿ ಅವಳ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತ್ತು. ಮಗಳಿಗೆ ಊಟ ಮಾಡಿಸುವಾಗಲೂ ಅದೇ, ಒದ್ದೆ ಬಟ್ಟೆ ಹರವುವಾಗಲೂ ಅದೇ. ಚಿಂತೆ ಅವಳಿಗೆ ಹೊಸದೇನಲ್ಲ. ಬೀಗ ಹಾಕಿ ಕೆಳಗಿಳಿದವಳು ಮತ್ತೆ ಹತ್ತಿ ಬಂದು ಜಗ್ಗಿ ನೋಡುವವಳು; ಮಗು ಸೀನಿದರೆ ಥರ್ಮಾಮೀಟರ್ ಹುಡುಕುವವಳು. ಚಿಂತೆ ಇಲ್ಲದ ದಿನ ಅವಳಿಗೆ ಅದೇ ಚಿಂತೆ ಎಂದು ಗಂಡ ರೇಗಿಸುತ್ತಿದ್ದ. ಆದರೆ ಇದು ಬೀಗ ಜಗ್ಗಿದರೆ ಹೋಗುವ ಚಿಂತೆಯಾಗಿರಲಿಲ್ಲ.

ಅವಳ ಆಫೀಸಿನ ನೆಲಮಹಡಿಯಲ್ಲಿ ನೌಕರರ ಮಕ್ಕಳನ್ನು ನೋಡಿಕೊಳ್ಳುವ ಕೋಣೆಯೊಂದಿತ್ತು. ಅದನ್ನು ನಡೆಸುತ್ತಿದ್ದ ಹೆಂಗಸನ್ನು ಮಕ್ಕಳು ದೊಡ್ಡಮ್ಮ ಎನ್ನುತ್ತಿದ್ದರು, ಅವರನ್ನು ನೋಡಿ ಅಪ್ಪ ಅಮ್ಮಂದಿರೂ. ಬಾಯಿ ಜೋರು, ಕೈ ಮೆತ್ತಗೆ. ಮಗಳನ್ನು ಅಲ್ಲಿ ಬಿಟ್ಟ ಮೊದಲ ವಾರ ಮಗು ಅಳುತ್ತಿತ್ತು, ತಾಯಿ ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದಳು. ದೊಡ್ಡಮ್ಮ ಗದರಿದ್ದು ತಾಯಿಯನ್ನೇ.

"ನೀನು ಮೊದಲು ಮೇಲೆ ಹೋಗಮ್ಮ. ನೀನು ಇಣುಕೋದು ನಿಂತ್ರೆ ಅವಳು ಅಳೋದೂ ನಿಲ್ಲುತ್ತೆ."

ಹಾಗೇ ಆಯಿತು. ಈಗ ಮಗು ಮಧ್ಯಾಹ್ನ ಮಲಗುವುದು ದೊಡ್ಡಮ್ಮನ ಬೆರಳು ಹಿಡಿದೇ.

ಮೇಲಿನ ಮಹಡಿಯಲ್ಲಿ ಅವಳದು ಸಮೀಕ್ಷೆಯ ಕೆಲಸ. ಕ್ಯಾಂಟೀನು ಹೇಗಿದೆ, ಬಸ್ಸು ಹೇಗಿದೆ, ಮಕ್ಕಳ ಕೋಣೆ ಹೇಗಿದೆ ಎಂದು ವರ್ಷಕ್ಕೊಮ್ಮೆ ನೌಕರರಿಂದ ಅಂಕ ಹಾಕಿಸಿ, ಸರಾಸರಿ ತೆಗೆದು, ಹಿಂದಿನ ವರ್ಷಕ್ಕಿಂತ ಶೇಕಡಾ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಹೇಳುವುದು. ಅವಳ ಮೇಲಿನವರಿಗೆ ಗ್ರಾಫ್ ಸಾಹೇಬ್ರು ಎಂದು ಬೆನ್ನ ಹಿಂದಿನ ಹೆಸರು. ಕಚೇರಿಯಲ್ಲಿ ಯಾರಿಗಾದರೂ ನೆಗಡಿ ಬಂದರೂ ಅದಕ್ಕೊಂದು ಗೆರೆ ಎಳೆದು ತೋರಿಸುವವರು. ಈ ಸಲ ಅವರು ಎಳೆದ ಗೆರೆ ದೊಡ್ಡಮ್ಮನ ಕುತ್ತಿಗೆಗೇ ಬಂದಿತ್ತು. ಮಕ್ಕಳ ಕೋಣೆಗೆ ಹೋದ ವರ್ಷ 4.4, ಈ ವರ್ಷ 3.5. ಶೇಕಡಾ ಇಪ್ಪತ್ತು ಕುಸಿತ. ಸೋಮವಾರದಿಂದ ಬೇರೆಯವರನ್ನು ತರುವುದೆಂದು ಕಾಗದ ತಯಾರಾಗಿತ್ತು. ಶನಿವಾರ ದೊಡ್ಡ ಮೇಡಂ ಸಹಿ ಹಾಕುವುದೊಂದು ಬಾಕಿ.

ಸುದ್ದಿ ಕೇಳಿ ದೊಡ್ಡಮ್ಮ ಅಳಲಿಲ್ಲ. "ಬೇಡ ಅಂದ್ರೆ ಹೋಗ್ತೀನಿ," ಎಂದಳು. "ಆದ್ರೆ ಕೆಟ್ಟೋಳು ಅಂತ ಬರೆದು ಕಳಿಸಿದ್ರೆ ಹೋಗಲ್ಲ. ಈ ಬಾಗಿಲಲ್ಲೇ ಕೂರ್ತೀನಿ, ನೋಡ್ತಿರು."

ಶುಕ್ರವಾರ ಮಧ್ಯಾಹ್ನ ಅವಳು ಎರಡೂ ವರ್ಷದ ಉತ್ತರಗಳನ್ನು ಅಕ್ಕಪಕ್ಕ ತೆರೆದಳು. ಈ ವರ್ಷದ್ದರಲ್ಲಿ ಅಲ್ಲೊಂದು ಇಲ್ಲೊಂದು ಸೊನ್ನೆ. ಐದಂತೂ ಒಂದೂ ಇಲ್ಲ. ಆಗ ಹೊಳೆಯಿತು. ಹೋದ ವರ್ಷ ಅಂಕ ಒಂದರಿಂದ ಐದು. ಈ ವರ್ಷ ಮಕ್ಕಳ ಕೋಣೆಯದಲ್ಲವೇ, ಮುದ್ದಾಗಿರಲಿ ಎಂದು ಸಾಹೇಬರು ಆ ಪ್ರಶ್ನೆಗೆ ಮಾತ್ರ ಅಂಕಿ ತೆಗೆಸಿ ಐದು ಮುಖ ಹಾಕಿಸಿದ್ದರು, ಅಳುವ ಮುಖದಿಂದ ಬಾಯ್ತುಂಬ ನಗುವ ಮುಖದವರೆಗೆ. ಕಂಪ್ಯೂಟರು ಅಳುವ ಮುಖವನ್ನು ಸೊನ್ನೆ ಎಂದು ಹಿಡಿದು ನಗುವ ಮುಖಕ್ಕೆ ನಾಲ್ಕು ಕೊಟ್ಟಿತ್ತು. ಊರೆಲ್ಲ ಬಾಯ್ತುಂಬ ನಕ್ಕಿದ್ದರೂ ನಾಲ್ಕರ ಮೇಲೆ ಹೋಗುವಂತಿರಲಿಲ್ಲ.

ಹೇಳಿದಳು. ಸಾಹೇಬರು ಕುರ್ಚಿ ತಿರುಗಿಸಿ ಮುಗುಳ್ನಕ್ಕರು.

"ನಿಮ್ಮ ಮಗು ಅಲ್ಲೇ ಇದೆಯಲ್ಲಮ್ಮ. ಲೆಕ್ಕ ನಿಮಗೆ ಬೇಕಾದ ಕಡೆ ವಾಲದೆ ಇರುತ್ತಾ?"

ಆ ಮಾತು ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ಮಗಳಿಗಾಗಿ ಅಂಕಿಗಳನ್ನು ತಾನೇ ತಿರುಚುತ್ತಿದ್ದೇನೆಯೇ? ಬಸ್ಸಿನಲ್ಲಿ ಲೆಕ್ಕ ಮಾಡಿದಳು, ಶನಿವಾರ ಬೆಳಗ್ಗೆ ಎದ್ದು ಮತ್ತೆ ಮಾಡಿದಳು. ನಂಬಿಕೆ ಸಾಲದೆ, ಮಗುವಿನ ಉಗುರು ಕತ್ತರಿಸುತ್ತ ಕೂತಿದ್ದ ಗಂಡನನ್ನು ಕೇಳಿದಳು. ಈ ಕಟ್ಟಡದ ಲಿಫ್ಟಿನಲ್ಲಿ ನೆಲಮಹಡಿಗೆ ಒಂದು, ನಮ್ಮ ಮನೆಗೆ ನಾಲ್ಕು. ನಾಳೆ ನೆಲಮಹಡಿಗೆ ಸೊನ್ನೆ ಅಂತ ಗುಂಡಿ ಹಾಕಿದರೆ?

"ನಮ್ಮದು ಮೂರು."

"ನಾಲ್ಕು ಹೋಗಿ ಮೂರು ಆಯ್ತು. ಶೇಕಡಾ ಇಪ್ಪತ್ತೈದು ಇಳಿದ್ವಿ ಅನ್ನೋಣವಾ?"

"ಹಾಗಾದ್ರೆ ಬಾಡಿಗೆನೂ ಇಳಿಸ್ತಾರಾ ಕೇಳು," ಎಂದ ಗಂಡ. ಆಮೇಲೆ ಕತ್ತರಿ ಕೆಳಗಿಟ್ಟು, "ಹತ್ತೋ ಮೆಟ್ಟಿಲು ಮಾತ್ರ ಅಷ್ಟೇ ಇರುತ್ತಲ್ಲೇ," ಎಂದ.

ಅಷ್ಟು ಸಾಕಾಯಿತು. ಹೋದ ವರ್ಷದ 4.4ರಲ್ಲಿ ಒಂದು ಕಳೆದರೆ 3.4. ಈ ವರ್ಷ 3.5. ಅಳುವ ಮುಖದಿಂದ ನಗುವ ಮುಖಕ್ಕೆ ನಾಲ್ಕು ಹೆಜ್ಜೆ. ಅಷ್ಟು ದಾರಿಯಲ್ಲಿ ಶೇಕಡಾ ಎರಡೂವರೆ ಮುಂದೆ. ಕುಸಿತವಂತೂ ಇಲ್ಲ. ಭಾರೀ ಏರಿಕೆ ಎಂದೂ ಅವಳು ಹೇಳುವವಳಲ್ಲ. ಇದ್ದದ್ದು ಇದ್ದ ಹಾಗೆ.

ಡಾಕ್ಟರಿಗೆ ಫೋನ್ ಮಾಡುವ ಮುಂಚೆಯೂ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಳ್ಳುವ ಅವಳು ಈ ಸಲ ಚೀಟಿ ಹುಡುಕಲಿಲ್ಲ. ಮಗುವನ್ನು ಸೊಂಟಕ್ಕೇರಿಸಿ, ಸಾಹೇಬರನ್ನು ದಾಟಿ ನೇರವಾಗಿ ದೊಡ್ಡ ಮೇಡಂ ನಂಬರನ್ನೇ ಒತ್ತಿದಳು. ಸಮೀಕ್ಷೆ ವಿಭಾಗದವಳೆಂದಳು, ತನ್ನ ಮಗುವೂ ಅದೇ ಕೋಣೆಯಲ್ಲಿದೆಯೆಂದು ತಾನೇ ಮೊದಲು ಹೇಳಿದಳು, ಆಮೇಲೆ ಲೆಕ್ಕ ಒಪ್ಪಿಸಿದಳು.

ಸೋಮವಾರ ಮೀಟಿಂಗಿನಲ್ಲಿ ನೋಡೋಣ ಎಂದರು ಮೇಡಂ.

"ಸೋಮವಾರ ದೊಡ್ಡಮ್ಮ ಇರಲ್ಲ ಮೇಡಂ. ಸಹಿಗೆ ಬಂದ ಕಾಗದದ ಜೊತೆ ಎರಡೂ ವರ್ಷದ ಫಾರಂ ನಿಮ್ಮ ಟೇಬಲ್ ಮೇಲೇ ಇವೆ, ಈಗ್ಲೇ ತೆಗೆದು ನೋಡಿ," ಎಂದಳು ಅವಳು. "ನಾನು ಫೋನ್ ಇಡಲ್ಲ."

ಆ ಕಡೆ ಕಾಗದ ತಿರುವುವ ಸದ್ದು ಕೇಳಿಸಿತು.