ಗೊರವರ ಸಾಲಿನಲ್ಲಿ ಇಟಲಿಯಂವ

ನನಗೆ ನಾಯಿ ಅಂದರೆ ಆಗಿಬರುತ್ತಿರಲಿಲ್ಲ. ಈಗ ಓಣಿಯಲ್ಲಿ ಯಾರನ್ನಾದರೂ ಕೇಳಿ ನೋಡಿ, "ಆಕೀನಾ? ಆಕೀಗೆ ನಾಯಿ ಅಂದ್ರ ಜೀವ" ಅನ್ನುತ್ತಾರೆ. ಅನ್ನಲಿ ಬಿಡಿ. ಈ ಜೀವ ನನ್ನೊಳಗೆ ತಾನಾಗಿ ಹುಟ್ಟಿದ್ದಲ್ಲ, ನನ್ನ ಗಂಡ ರಟ್ಟಿನ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ತಂದದ್ದು.

ರಾಣೆಬೆನ್ನೂರಿನಲ್ಲಿ ನಮ್ಮದು ಬೀಜದ ಅಂಗಡಿ. ಅವರು ಸಂಜೆ ಡಬ್ಬಿ ಹೊತ್ತು ಬರುವುದು ಹೊಸದೇನಲ್ಲ. ಸೌತೆ ಬೀಜವೋ ಟೊಮೆಟೊ ಬೀಜವೋ ಇರಬೇಕು ಅಂದುಕೊಂಡು ನಾನು ರೊಟ್ಟಿ ಬಡಿಯುತ್ತಲೇ ಇದ್ದೆ. ಡಬ್ಬಿ ಸೀನಿತು.

"ಇದೇನ್ರಿ ಇದು?"

"ಕೇನ್ ಕೋರ್ಸೊ. ಇಟಲೀದು."

"ಯಾಕ, ನಮ್ಮೂರಾಗ ನಾಯಿ ಖಾಲಿ ಆಗಿದ್ವೇನ?"

"ತಳಿ ಇಟಲೀದು, ತಂದಿದ್ದು ಹುಬ್ಬಳ್ಳಿಯಿಂದ. ದೊಡ್ಡದಾದ ಮ್ಯಾಲೆ ನೋಡು, ಕಳ್ಳರು ನಮ್ಮ ಓಣಿಗೇ ಕಾಲಿಡೂದಿಲ್ಲ."

ಕಳ್ಳರ ಮಾತು ಹಾಗಿರಲಿ, ಮರುದಿನ ಮಿಕ್ಸರ್ ಶಬ್ದಕ್ಕೆ ಹೆದರಿ ಅದು ನನ್ನ ಸೀರೆಯ ನೆರಿಗೆಯೊಳಗೆ ಬಂದು ಹೊಕ್ಕಿತು. ಕಪ್ಪು ಮೈ, ಅಗಲ ತಲೆ, ದೊಗಳೆ ಚರ್ಮ, ಮುಖದ ತುಂಬ ಚಿಂತೆ. ಅದರ ಕಾಗದದಲ್ಲಿ ಉದ್ದನೆಯ ಹೆಸರೊಂದಿತ್ತು, ನಮ್ಮ ಯಾರ ನಾಲಿಗೆಗೂ ಹೊರಳಲಿಲ್ಲ. ಅತ್ತೆ ದೂರದಿಂದಲೇ ಕೋಲು ತೋರಿಸಿ, "ಆ ಇಟಲಿಯಂವನ್ನ ಅಡಿಗಿ ಮನಿಗೆ ಬಿಡಬ್ಯಾಡ್ರಿ" ಅಂದರು. ಅದೇ ಹೆಸರು ಉಳಿಯಿತು.

ನೋಡುನೋಡುತ್ತಿದ್ದಂತೆ ಇಟಲಿಯಂವ ಕರುವಿನಷ್ಟಾದ. ಜೊಲ್ಲೋ ಜೊಲ್ಲು! ನಮ್ಮ ಮನೆಯವರ ಬಿಳಿ ಅಂಗಿ ಒಂದೂ ಉಳಿಯಲಿಲ್ಲ. ಮಧ್ಯಾಹ್ನ ಮಲಗಿದರೆ ಗಿರಣಿಯ ಹಾಗೆ ಗೊರಕೆ. ಹಸಿವಾದರೆ ಕೂಗುವುದಿಲ್ಲ, ಬೊಗಳುವುದಿಲ್ಲ. ತನ್ನ ಅಲ್ಯುಮಿನಿಯಂ ಬೋಗುಣಿಯನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಲ್ಲುತ್ತಾನೆ. ಇನ್ನೊಂದು ಚಾಳಿ, ಪ್ರೀತಿ ಬಂದರೆ ಬಂದು ಮೈಯೆಲ್ಲ ಭಾರ ಬಿಟ್ಟು ಕಾಲಿಗೆ ಒರಗುವುದು. ಮೊದಲ ಸಲ ಒರಗಿದಾಗ ನಾನು ಸಾರಿನ ಪಾತ್ರೆ ಸಮೇತ ಕಟ್ಟೆಯ ಮೇಲೆ ಕುಕ್ಕರಿಸಿದ್ದೆ. ಬೈಯಬೇಕೆಂದು ತಿರುಗಿದರೆ ಆ ಮುಖ! ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಏನೋ.

ಚುಚ್ಚುಮದ್ದಿಗೆಂದು ಹಾವೇರಿಯ ನಾಯಿ ಡಾಕ್ಟರ ಬಳಿ ಹೋಗುತ್ತಿದ್ದೆವು. ಅಲ್ಲಿ ಕಾಯುತ್ತ ಕುಳಿತಾಗಲೇ ನನಗೆ ಗೊತ್ತಾದದ್ದು, ಇಟಲಿ ನಾಯಿಗಳಲ್ಲೂ ಒಂದೊಂದು ಒಂದೊಂದು ಥರ ಅಂತ. ಒಬ್ಬರ ತೊಡೆಯ ಮೇಲೆ ಕಡ್ಡಿಯಂಥ ಕಾಲಿನ ಒಂದು ನಾಯಿ ಸ್ವೆಟರ್ ಹಾಕಿಕೊಂಡು ನಡುಗುತ್ತ ಕೂತಿತ್ತು. ಇಟಾಲಿಯನ್ ಗ್ರೇಹೌಂಡ್ ಅಂತೆ. ಓಡಲು ಬಿಟ್ಟರೆ ಕಣ್ಣಿಗೆ ಸಿಗುವುದಿಲ್ಲ, ಮನೆಯೊಳಗೆ ಬಂದರೆ ಕೌದಿ ಬಿಟ್ಟು ಏಳುವುದಿಲ್ಲ, ಜೋರಾಗಿ ಬೈದರೆ ದಿನವಿಡೀ ಮುನಿಸು. ನಮ್ಮ ಪಕ್ಕದ ಮನೆಯಾಕೆಯ ಬಿಳಿ ರೇಷ್ಮೆ ಕೂದಲಿನ ಮಾಲ್ಟೀಸ್ ಕೂಡ ಆ ಕಡೆಯದೇ ಎಂದು ಡಾಕ್ಟರು ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಅದು ನಮ್ಮವನ ಬೋಗುಣಿಯಲ್ಲಿ ಹಿಡಿಸುವಷ್ಟು ಗಾತ್ರ, ಆದರೆ ಹಾಲಿನವನಿಗೆ, ಪೇಪರಿನವನಿಗೆ, ಹಾರುವ ಕಾಗೆಗೆ, ಎಲ್ಲರಿಗೂ ಬೊಗಳುತ್ತದೆ. ನಮ್ಮವನು ಅದನ್ನು ಕಂಡರೆ ದಾರಿ ಬಿಟ್ಟು ಸರಿಯುತ್ತಾನೆ.

"ಹಂಗಾರ ನಮ್ಮದು ಹ್ಯಾಂಗ್ರಿ?" ಎಂದು ಡಾಕ್ಟರನ್ನು ಕೇಳಿದೆ.

"ಇದು ಮನಿಯವ್ರಿಗೆ ಅಂಟಿಕೊಂಡ ಇರೂ ಜಾತಿ ಅಕ್ಕಾರ. ಹೊರಗಿನವ್ರ ಮ್ಯಾಲೆ ಸಂಶಯ ಭಾಳ. ಮೈ ದೊಡ್ಡದಾದ್ರೂ ವಯಸ್ಸ ಇನ್ನಾ ಸಣ್ಣದೈತಿ, ಈಗ ಎಲ್ಲಾ ನಮೂನಿ ಮಂದೀನ ತೋರಸ್ರಿ, ಇಲ್ಲಂದ್ರ ಮುಂದ ತ್ರಾಸ ಆಕ್ಕೈತಿ. ಇನ್ನೊಂದ ಮಾತು, ಇದನ್ನ ಎಲ್ಲೋ ದೂರ ಒಂಟಿ ಕಟ್ಟಿ ಹಾಕಬ್ಯಾಡ್ರಿ. ಮನಿಯವ್ರು ಕಾಣಲಿಲ್ಲಂದ್ರ ಊಟ ಬಿಡ್ತೈತಿ."

ಆ ಮಾತು ಕೇಳಿದ್ದೇ ತಡ, ನಾನು ಸೊಂಟಕ್ಕೆ ಸೆರಗು ಕಟ್ಟಿದೆ. ಬಸ್ ಸ್ಟ್ಯಾಂಡಿಗೆ ಕರೆದೊಯ್ದು ಕಂಡಕ್ಟರನ್ನು ತೋರಿಸಿದೆ. ಸಂತೆಯಲ್ಲಿ ಕೊಡೆಯವರು, ಹೆಲ್ಮೆಟ್ಟಿನವರು, ಗಡ್ಡದವರು, ಬುರ್ಖಾದವರು, ತಲೆಯ ಮೇಲೆ ಬುಟ್ಟಿ ಹೊತ್ತವರು, ಎಲ್ಲರನ್ನೂ ತೋರಿಸಿದೆ. ಬ್ಯಾಡಗಿಯ ತವರಿಗೂ ಕರೆದೊಯ್ದೆ. ಅಲ್ಲಿ ನಮ್ಮಣ್ಣನದು ಮೆಣಸಿನಕಾಯಿ ವ್ಯಾಪಾರ, ಅಂಗಳದ ತುಂಬ ಕೆಂಪು ರಾಶಿ. ಕಳ್ಳರನ್ನು ಹೆದರಿಸಲು ಹುಟ್ಟಿದವನು ರಾಶಿಯ ಮುಂದೆ ಒಂದರ ಹಿಂದೆ ಒಂದು ಸೀನು ಸೀನಿ ಸುಸ್ತಾಗಿ, ಹಮಾಲರೆಲ್ಲ ಹೊಟ್ಟೆ ಹಿಡಿದುಕೊಂಡು ನಗುವಾಗ ನನ್ನ ಹಿಂದೆ ಬಚ್ಚಿಟ್ಟುಕೊಂಡ. ಅಂತೂ ಜಗತ್ತಿನ ಎಲ್ಲ ನಮೂನೆಯ ಜನರನ್ನೂ ತೋರಿಸಿ ಮುಗಿಸಿದೆ ಎಂದು ನಾನು ಮೆರೆಯುತ್ತಿದ್ದೆ.

ಒಬ್ಬರನ್ನು ತೋರಿಸುವುದು ಮರೆತೇಹೋಗಿತ್ತು.

ದೇವರಗುಡ್ಡದ ಮಾಲತೇಶ ನಮ್ಮ ಅತ್ತೆಯ ಮನೆದೇವರು. ಆತನ ಭಕ್ತರು ಗೊರವರು. ಮೈಮೇಲೆ ಕರಿ ಕಂಬಳಿಯ ನಿಲುವಂಗಿ, ಹೆಗಲಿಗೆ ಭಂಡಾರದ ಅರಿಶಿನದ ಚೀಲ, ಕೈಯಲ್ಲಿ ಡಮರು. ತಾವು ದೇವರ ನಾಯಿಗಳು ಎಂಬುದು ಅವರ ನಂಬಿಕೆ, ನಮ್ಮ ನಂಬಿಕೆಯೂ. ನಮ್ಮ ಓಣಿಗೆ ಬರುವ ಗೊರವಜ್ಜನಿಗೆ ಕಾಲುನೋವಾಗಿ ಆತ ಬಹಳ ಕಾಲ ಬಂದಿರಲಿಲ್ಲ. ಒಂದು ಭಾನುವಾರ ಮತ್ತೆ ಬಂದು ನಮ್ಮ ಬಾಗಿಲಲ್ಲಿ ನಿಂತು ಡಮರು ಬಾರಿಸಿದ. ಅಷ್ಟೇ, ಇಟಲಿಯಂವ ಎದ್ದು ನಿಂತು ಒಂದು ಸಲ ಗರ್ಜಿಸಿದ. ಪಡಸಾಲೆಯ ಕಿಟಕಿಯೇ ಅದುರಿತು. ಗೊರವಜ್ಜ ಹಿಂದಕ್ಕೆ ಸರಿದ ರಭಸಕ್ಕೆ ಚೀಲ ಜಾರಿ ಭಂಡಾರವೆಲ್ಲ ಮೆಟ್ಟಿಲ ಮೇಲೆ ಚೆಲ್ಲಿತು.

ಅಜ್ಜ ಸಿಟ್ಟಾಗಲಿಲ್ಲ. ಅತ್ತೆ ಆದರು. ಚೆಲ್ಲಿದ ಅರಿಶಿನವನ್ನು ಸೆರಗಿನಲ್ಲಿ ಬಳಿದುಕೊಳ್ಳುತ್ತ ನಮ್ಮ ಮನೆಯವರ ಕಡೆ ತಿರುಗಿದರು.

"ದೇವರ ನಾಯಿ ಬಾಗಲಿಗೆ ಬಂದ್ರ ಮನಿ ನಾಯಿ ಬೊಗಳೂದು? ಇನ್ನ ಮುಂದಿನ ತಿಂಗಳ ದೋಣಿ ತುಂಬಸೂದೈತಿ. ಅವತ್ತೂ ಹಿಂಗ ಆದ್ರ ಏನ್ ಮಾಡ್ಲಿ ನಾನು? ಇದನ್ನ ಐರಣಿ ಊರಾಗಿನ ನಮ್ಮ ಹೊಲಕ್ಕ ಕಳಸ್ರಿ."

ದೋಣಿ ಅಂದರೆ ಗೊರವರು ಉಣ್ಣುವ ಬಟ್ಟಲು. ಹರಕೆ ಹೊತ್ತವರು ಗೊರವರನ್ನು ಮನೆಗೆ ಕರೆದು, ಕಂಬಳಿ ಹಾಸಿ, ದೋಣಿಗಳನ್ನು ಸಾಲಾಗಿಟ್ಟು ಹಾಲು, ತುಪ್ಪ, ಬಾಳೆಹಣ್ಣು, ಬೆಲ್ಲ ತುಂಬುತ್ತಾರೆ. ಅವರು ನಾಯಿಗಳಂತೆ ಬೊಗಳುತ್ತ ಮಂಡಿಯೂರಿ ಬಾಯಿಂದಲೇ ಉಣ್ಣುತ್ತಾರೆ. ಅತ್ತೆ ಈ ಹರಕೆ ಹೊತ್ತದ್ದು ಯಾರಿಗಾಗಿ? ನನಗಾಗಿ. ನಾನು ಡೆಂಗ್ಯೂ ಜ್ವರದಿಂದ ದವಾಖಾನೆಯಲ್ಲಿ ಮಲಗಿದ್ದಾಗ ದಿನವೂ ಬಂದು ನನ್ನ ಕಾಲು ಹಿಡಿದು ಕೂತಿರುತ್ತಿದ್ದ ಹೆಂಗಸು ಅದು. ಆಕೆಯೊಡನೆ ನಾಯಿ ಸಲುವಾಗಿ ಯಾವ ಬಾಯಿಂದ ಜಗಳಾಡಲಿ?

ಆದರೂ ಆಡಿದೆ. "ಅತ್ತೀ, ಐರಣಿ ಹೊಲದಾಗ ಹೊಳಿ ಐತಿ, ಕಬ್ಬೈತಿ, ಮಂದಿ ಎಲ್ಲೈತ್ರಿ? ಅಂವ ಒಬ್ಬನ ಇದ್ರ ಉಣ್ಣಂಗಿಲ್ಲ, ಸತ್ತ ಹೋಗ್ತಾನ" ಅನ್ನುವಾಗ ನನಗೆ ಅಳುವೇ ಬಂದುಬಿಟ್ಟಿತು. ಕೊನೆಗೆ ನಮ್ಮ ಮನೆಯವರು ನಡುವೆ ಬಂದು ಮಾತು ಮುಗಿಸಿದರು. ದೋಣಿಯ ದಿನ ಅವನನ್ನು ಹಿತ್ತಲ ಕೋಣೆಯಲ್ಲಿ ಕೂಡಿ ಹಾಕುವುದು. ಒಂದೇ ಒಂದು ಸಲ ಬೊಗಳಿದರೂ ಅಂದು ಸಂಜೆಯೇ ಐರಣಿ. ಅತ್ತೆ ಒಪ್ಪಿದರು. ನಾನು ಬೇರೆ ದಾರಿಯಿಲ್ಲದೆ ಹೂಂ ಅಂದೆ.

ಅಷ್ಟರಲ್ಲಿ ಅತ್ತೆ ಹಾವೇರಿಯ ಮಗಳ ಮನೆಗೆ ಕೆಲವು ದಿನ ಹೋದರು. ನಾನು ಅಟ್ಟದಿಂದ ಮಾವನವರ ಹಳೆಯ ಕಂಬಳಿ ಇಳಿಸಿದೆ. ಪೇಟೆಯಿಂದ ಮಕ್ಕಳು ಆಡುವ ಡಮರು ತಂದೆ. ಹಿತ್ತಲಲ್ಲಿ ಕಂಬಳಿ ಹೊದ್ದು ಡಮರು ಬಾರಿಸುವುದು, ಅವನು ಸುಮ್ಮನಿದ್ದರೆ ಬೋಗುಣಿಗೆ ಹಾಲು ರೊಟ್ಟಿ ಹಾಕುವುದು. ಮೊದಲ ದಿನ ನನ್ನನ್ನೇ ಗುರುತು ಹಿಡಿಯದೆ ಗುರ್ ಅಂದ. "ನಾನಲೇ, ನಿಮ್ಮವ್ವ!" ಎಂದು ಕಂಬಳಿ ಸರಿಸಿ ಮುಖ ತೋರಿಸಿದ ಮೇಲೆ ನಾಚಿಕೊಂಡು ಬಂದು ಒರಗಿದ. ದಿನ ಕಳೆದಂತೆ ಡಮರಿಗೆ ಬಾಲ ಅಲ್ಲಾಡಿಸತೊಡಗಿದ. ಆಮೇಲೆ ನಾನು ಅಂಬೆಗಾಲಿಕ್ಕಿ ಬೌ ಬೌ ಅನ್ನುವುದನ್ನೂ ಶುರು ಮಾಡಿದೆ. ಅದೇ ಹೊತ್ತಿಗೆ ಪಕ್ಕದ ಮನೆಯಾಕೆ ಮಾಲ್ಟೀಸನ್ನು ಕಂಕುಳಲ್ಲಿಟ್ಟುಕೊಂಡು ಗೋಡೆಯ ಮೇಲಿಂದ ಇಣುಕಿದರು.

"ಅಕ್ಕಾರ, ಆರಾಮ ಅದೀರಿಲ್ಲೋ?"

"ಆರಾಮ ಅದೀನ್ರಿ. ನಿಮ್ಮ ನಾಯೀನೂ ಕಳಸ್ರಿ, ಜೋಡಿ ಬೊಗಳ್ತೇವಿ" ಅಂದೆ. ಮತ್ತೇನು ಹೇಳಲಿ!

ದೋಣಿಯ ದಿನ ಮನೆ ತುಂಬ ನೆಂಟರು. ಗೊರವಜ್ಜ ತನ್ನವರನ್ನು ಕರೆದುಕೊಂಡು ಬಂದ. ಇಟಲಿಯಂವನನ್ನು ಹಿತ್ತಲ ಕೋಣೆಗೆ ಬಿಟ್ಟು, ನೀರಿಟ್ಟು, ಬೋಗುಣಿಯನ್ನು ಪಕ್ಕದಲ್ಲಿಟ್ಟು, ಗಲ್ಲ ಹಿಡಿದು ಹೇಳಿದೆ: "ಇವತ್ತೊಂದಿನ ಬಾಯಿ ತಗೀಬ್ಯಾಡೋ ನಮ್ಮಪ್ಪ." ಬಾಗಿಲಿನ ಕೊಂಡಿ ಹಾಕಿ ಬಂದೆ. ಪಡಸಾಲೆಯಲ್ಲಿ ಕಂಬಳಿ ಹಾಸಿ ದೋಣಿ ಸಾಲಾಗಿಟ್ಟಿದ್ದರು. ಅತ್ತೆ ಮಡಿ ಸೀರೆಯುಟ್ಟು ಹಾಲಿನ ತಂಬಿಗೆ ಹಿಡಿದಿದ್ದರು. "ಏಳುಕೋಟಿ ಏಳುಕೋಟಿ ಏಳುಕೋಟಿಗೋ" ಎಂದು ಅಜ್ಜ ದೇವರ ಜೈಕಾರ ಕೂಗಿದ. "ಛಾಂಗಮಲೋ" ಎಂದು ಉಳಿದವರು ಕೂಗಿದರು. ಡಮರುಗಳು ಒಟ್ಟಿಗೆ ಶುರುವಾದವು.

ಆಗ ನನಗೆ ಹೊಳೆಯಿತು. ಅಯ್ಯೋ ನನ್ನ ಕರ್ಮವೇ! ಡಮರು ಬಾರಿಸಿದರೆ ಸುಮ್ಮನಿರು ಎಂದು ಕಲಿಸಿದೆ ಅಂದುಕೊಂಡಿದ್ದೆನಲ್ಲ, ನಾನು ಖರೇ ಕಲಿಸಿದ್ದು ಡಮರು ಅಂದರೆ ಊಟ ಅಂತ.

ಹಿತ್ತಲ ಕಡೆ ಧಡ್ ಎಂದು ಸದ್ದಾಯಿತು. ಆ ಹಳೆಯ ಕೊಂಡಿ ಅವನ ತಲೆಯ ಮುಂದೆ ಎಷ್ಟರದು? ಅಡುಗೆಮನೆ ದಾಟಿ, ನೆಂಟರನ್ನು ದಾಟಿ, ಇಟಲಿಯಂವ ಪಡಸಾಲೆಗೆ ಬಂದ. ಹೆಂಗಸರು ಮಕ್ಕಳನ್ನು ಎತ್ತಿಕೊಂಡರು. ಯಾರೋ ಕಿಟಕಿಯ ಕಟ್ಟೆ ಹತ್ತಿದರು. ಅತ್ತೆ ತಂಬಿಗೆ ಹಿಡಿದವರು ಹಾಗೇ ನಿಂತುಬಿಟ್ಟರು.

ಗೊರವರು ಆಗಲೇ ಮಂಡಿಯೂರಿ ಬೊಗಳುತ್ತಿದ್ದರು. ಅವರ ಆವೇಶ ನಡುವೆ ನಿಲ್ಲುವಂಥದ್ದಲ್ಲ. ಇಟಲಿಯಂವ ಒಬ್ಬೊಬ್ಬರನ್ನೇ ನೋಡಿದ. ಕರಿ ಕಂಬಳಿ, ನಾಲ್ಕು ಕಾಲು, ಮುಂದೆ ಬಟ್ಟಲು. ಗೊರವಜ್ಜ ತಲೆ ತಿರುಗಿಸಿದ. ಇಬ್ಬರ ಮುಖಗಳೂ ಗೇಣು ದೂರದಲ್ಲಿ ಎದುರುಬದುರಾದವು. ಅಜ್ಜ ಕಣ್ಣರಳಿಸಿ, ಗಂಟಲು ಬಿಟ್ಟು, "ಬೌ!" ಅಂದ.

ನಾನು ಕಣ್ಣು ಮುಚ್ಚಿಕೊಂಡೆ. ಒಂದು ಸಲ ಉತ್ತರ ಕೊಟ್ಟರೆ ಮುಗಿಯಿತು, ಸಂಜೆಗೆ ಐರಣಿ.

ಅವನ ಸದ್ದಿಲ್ಲ. ಕಣ್ಣು ಬಿಟ್ಟು ನೋಡುತ್ತೇನೆ, ಅವನು ಬೊಗಳಲು ಹೇಗೆ ಸಾಧ್ಯ? ಬಾಯಲ್ಲಿ ಅಲ್ಯುಮಿನಿಯಂ ಬೋಗುಣಿ ಇತ್ತು. ಅದನ್ನು ಬಿಡದೆ ಗೊರವರ ಹಿಂದೆ ಸುತ್ತಿ ಹೋಗಿ, ಸಾಲಿನ ಕೊನೆಯಲ್ಲಿ ಸರಿಯಾಗಿ ಜಾಗ ನೋಡಿ ಕೂತ. ನನಗೆ ಇನ್ನೂ ಬಂದಿಲ್ಲ ಎನ್ನುವ ಹಾಗೆ ಅತ್ತೆಯ ಕಡೆ ನೋಡಿದ.

ಉಣ್ಣುತ್ತಿದ್ದ ಗೊರವಜ್ಜ ತಲೆ ಎತ್ತಿದ. ಗಡ್ಡದ ತುಂಬ ಹಾಲು. "ಯವ್ವಾ, ನಮ್ಮ ಸಾಲಿನ್ಯಾಗ ಒಬ್ಬಂವ ಉಪಾಸ ಕುಂತಾನ. ಹಾಕು ತಾಯಿ" ಅಂದ.

ಅತ್ತೆ ಕದಲಲಿಲ್ಲ. ಅಂದಿನವರೆಗೆ ಅವರು ಅವನಿಗೆ ಒಂದು ತುತ್ತು ಹಾಕಿದವರಲ್ಲ, ಒಂದು ಸಲ ಮುಟ್ಟಿದವರಲ್ಲ. ನಾನು ಹೋಗಿ ಎಳೆದುಕೊಂಡು ಬರಬೇಕೆಂದು ಹೆಜ್ಜೆ ಎತ್ತಿದೆ. ಅವರು ಎಡಗೈಯಿಂದ ನನ್ನನ್ನು ತಡೆದು, ತಾವೇ ಸಾಲಿನ ಕೊನೆಗೆ ನಡೆದರು. "ಕೆಳಗ ಇಡೋ" ಅಂದರು. ಅವನು ಬೋಗುಣಿ ಇಟ್ಟ. ಅತ್ತೆ ಹಾಲು ಹೊಯ್ದರು, ಬಾಳೆಹಣ್ಣು ಕಿವುಚಿ ಹಾಕಿದರು. ಅವನು ನನ್ನ ಕಡೆ ನೋಡಿದ, ನಾನು ತಲೆಯಾಡಿಸಿದೆ, ಆಮೇಲೆಯೇ ಬಾಯಿ ಹಾಕಿದ. ನೆಂಟರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು, ಎರಡನ್ನೂ ತಡೆಯಲಿಲ್ಲ.

ಉಂಡು ಮುಗಿಸಿದವನು ಎದ್ದು, ಬಾಯಿ ಚಪ್ಪರಿಸಿ, ಅತ್ತೆಯ ಮಡಿ ಸೀರೆಗೆ ಮೈಯೆಲ್ಲ ಭಾರ ಬಿಟ್ಟು ಒರಗಿದ. ಬೀಳಬಾರದೆಂದು ಅವರು ಅವನ ತಲೆಯನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಬಿಡಲಿಲ್ಲ. ಗೊರವಜ್ಜ ಚೀಲದಿಂದ ಚಿಟಿಕೆ ಭಂಡಾರ ತೆಗೆದು ಮೊದಲು ಅವರ ಹಣೆಗೆ ಹಚ್ಚಿದ, ಆಮೇಲೆ ಅವನ ಹಣೆಗೆ.

ಸಂಜೆ ನೆಂಟರೆಲ್ಲ ಹೋದ ಮೇಲೆ ನಮ್ಮ ಮನೆಯವರು ಚೇಷ್ಟೆಗೆ, "ಅವ್ವಾ, ಅಂವ ಕೊಂಡಿ ಮುರದಾನ. ಗಾಡಿ ತರಸ್ಲೇನ ಐರಣಿಗೆ?" ಅಂದರು.

ಅತ್ತೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ಕಾಲ ಮೇಲೆ ಇಟಲಿಯಂವನ ತಲೆ, ಹಣೆಯಲ್ಲಿ ಅರಿಶಿನ, ಗೊರಕೆ.

"ತರಸು. ನೀ ಹೋಗಿ ಹೊಲಾ ಕಾಯಿ" ಅಂದರು. "ಲಗೂನ ಹೋಗು. ಸಪ್ಪಳಾ ಮಾಡಿ ಅವನ್ನ ಎಬ್ಬಸಬ್ಯಾಡ."