ಸಂಜೆಯ ವಾರ್ತೆಗೆ ಕೈಕೊಡುತ್ತಿದ್ದ ಟಿವಿ

ಬೀದಿಯವರೆಲ್ಲ ಅವಳನ್ನು ಗುಂಡಿಯಕ್ಕ ಎಂದೇ ಕರೆಯುತ್ತಿದ್ದರು. ಅಂಗಿಯ ಗುಂಡಿ ಕಿತ್ತುಬಂದರೆ, ಪ್ಯಾಂಟಿನ ಜಿಪ್ಪು ಸಿಕ್ಕಿಕೊಂಡರೆ, ಎತ್ತಿಟ್ಟ ಕೋಟು ಹೊಟ್ಟೆಗೆ ಸಾಲದೆ ಹೋದರೆ ಜನ ಅವಳ ಮನೆ ಬಾಗಿಲು ತಟ್ಟುತ್ತಿದ್ದರು. ಹೊಸ ಬಟ್ಟೆಯನ್ನು ಅವಳು ಮುಟ್ಟುತ್ತಿರಲಿಲ್ಲ. "ಹೊಸದನ್ನ ಯಾರು ಬೇಕಾದ್ರೂ ಹೊಲೀತಾರೆ, ಹಳೇದನ್ನ ಉಳಿಸೋಕೆ ತಾಳ್ಮೆ ಬೇಕು" ಎನ್ನುತ್ತಿದ್ದಳು. ಆ ತಾಳ್ಮೆಯೆಲ್ಲ ಬಟ್ಟೆಗೇ ಮೀಸಲು. ಮನುಷ್ಯರ ಹತ್ತಿರ ಅವಳಿಗೆ ಮೂಗಿನ ತುದಿಯಲ್ಲೇ ಕೋಪ.

ಗಂಡ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಬೀದಿಗೆಲ್ಲ ಕಂಡಕ್ಟರೇ. ತುಂಬಿದ ಬಸ್ಸಿನ ಕೊನೇ ಸೀಟಿಗೂ ಕೇಳಿಸುವಂಥ ಕಂಠ ಅವರದು. ಕಳೆದ ವರ್ಷ ಪಾರ್ಶ್ವವಾಯು ಬಡಿದು ಅದೇ ಕಂಠ ಹೋಯಿತು. ಕೈಕಾಲು ಹೇಗೋ ಸುಧಾರಿಸಿದವು, ಮಾತು ಮಾತ್ರ ಹಿಂತಿರುಗಲಿಲ್ಲ. ಏನಾದರೂ ಹೇಳಹೊರಟರೆ ಮೊದಲ ಅಕ್ಷರ ಬಾಯಿಗೆ ಬಂದು ಅಲ್ಲೇ ಕಚ್ಚಿಕೊಳ್ಳುತ್ತಿತ್ತು.

ಮಾತು ಕಲಿಸುವ ಡಾಕ್ಟರಮ್ಮ ಒಂದು ಉಪಾಯ ಹೇಳಿದ್ದರು. "ಟಿವೀಲಿ ವಾರ್ತೆ ಓದೋರು ಮುಖ ಕೊಟ್ಟು, ಬಿಡಿಸಿ ಬಿಡಿಸಿ ಮಾತಾಡ್ತಾರೆ. ದಿನಾ ಅವರ ತುಟಿ ನೋಡ್ತಾ ಜೊತೇಲಿ ಹೇಳೋಕೆ ಪ್ರಯತ್ನಪಡಲಿ. ಒಂದು ದಿನಾನೂ ತಪ್ಪಿಸ್ಬೇಡಿ."

ಅಂದಿನಿಂದ ಸಂಜೆಯ ವಾರ್ತೆ ಆ ಮನೆಯಲ್ಲಿ ಔಷಧಿಯಂತಾಯಿತು. ಕಂಡಕ್ಟರು ತಲೆ ಬಾಚಿಕೊಂಡು ಟಿವಿಯ ಮುಂದೆ ಕೂರುವರು. ಗುಂಡಿಯಕ್ಕ ಪಕ್ಕದ ಕಿಟಕಿಯ ಬಳಿ ಹೊಲಿಗೆ ಯಂತ್ರಕ್ಕೆ ಕೂರುವಳು. ವಾರ್ತೆಯವಳು "ನಮಸ್ಕಾರ" ಎಂದರೆ ಇವರು "ನ... ನ..." ಎನ್ನುವರು. ಕೆಲವು ವಾರಗಳಲ್ಲಿ ಅದು "ನಮ" ಆಯಿತು. ಗುಂಡಿಯಕ್ಕನಿಗೆ ಅದೇ ದೊಡ್ಡ ಹಬ್ಬ.

ಅಷ್ಟರಲ್ಲಿ ಟಿವಿ ಕೈಕೊಡತೊಡಗಿತು. ವಾರ್ತೆಯವಳು ಬಾಯಿ ತೆರೆದಳೋ ಇಲ್ಲವೋ, ಅವಳ ಮುಖ ಚೌಕ ಚೌಕವಾಗಿ ಒಡೆದು, ಹಣೆ ಒಂದು ಕಡೆ ಗಲ್ಲ ಒಂದು ಕಡೆ ಆಗುತ್ತಿತ್ತು. ದನಿ ತುಂಡು ತುಂಡಾಗಿ, ಆಮೇಲೆ ಎಲ್ಲವೂ ಕಲ್ಲಿನಂತೆ ನಿಂತುಬಿಡುತ್ತಿತ್ತು. ಹಳೆಯ ಕಾಲದ ಟಿವಿಯಾಗಿದ್ದರೆ ತೆರೆಯ ತುಂಬ ಸೊಳ್ಳೆ ಮುತ್ತಿದಂತೆ ಚುಕ್ಕೆ ಬಂದರೂ ಮಾತಾದರೂ ಕೇಳುತ್ತಿತ್ತು. ಈ ಡಿಜಿಟಲ್ ಟಿವಿಗೆ ಮಧ್ಯದ ದಾರಿಯೇ ಗೊತ್ತಿಲ್ಲ. ಬಂದರೆ ಪೂರ್ತಿ, ಇಲ್ಲವಾದರೆ ಏನೂ ಇಲ್ಲ.

ಗುಂಡಿಯಕ್ಕ ಕಿಟಕಿಯ ಮೇಲಿದ್ದ ಆಂಟೆನಾವನ್ನು ಆ ಕಡೆ ಈ ಕಡೆ ತಿರುಗಿಸಿದಳು. ವೈರು ಕಿತ್ತು ಮತ್ತೆ ಸಿಕ್ಕಿಸಿದಳು. ಟಿವಿಯ ನೆತ್ತಿಗೆ ಎರಡು ಬಿಟ್ಟೂ ನೋಡಿದಳು. ಕಂಡಕ್ಟರಿಗೆ ಸಿಟ್ಟು, ಸಂಕಟ ಎರಡೂ ಒಟ್ಟಿಗೆ. ಅವಳ ಕಡೆ ಕೈ ಚಾಚಿ "ದಿ... ದೀ..." ಎಂದು ಒದ್ದಾಡುವರು.

"ದಿಂಬಾ? ತಡೀರಿ, ಕೊಟ್ಟೆ" ಎಂದು ಅವಳು ಬೆನ್ನಿಗೆ ದಿಂಬು ತಂದಿಟ್ಟಳು. ಮಾರನೇ ದಿನವೂ "ದೀ" ಎಂದರು. ಇನ್ನೊಂದು ದಿಂಬು ಬಂತು. ಮೂರನೆಯದು ಬಂದಾಗ ಕಂಡಕ್ಟರು ಅದನ್ನು ಎತ್ತಿ ನೆಲಕ್ಕೆ ಎಸೆದರು. ಮದುವೆಯಾದಂದಿನಿಂದ ಒಂದು ಚಮಚವನ್ನೂ ಎಸೆಯದ ಮನುಷ್ಯ. ಗುಂಡಿಯಕ್ಕ ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತಳು.

ಟಿವಿ ರಿಪೇರಿಯವನನ್ನು ಕರೆಸಿದ್ದಾಯಿತು. ಅವನು ಬಂದದ್ದು ಮಧ್ಯಾಹ್ನ. ಚಿತ್ರ ಕನ್ನಡಿಯಂತಿತ್ತು! ಹಲ್ಲುನೋವಿನವನು ಡಾಕ್ಟರ ಮುಂದೆ ಬಾಯಿ ತೆರೆದ ಕೂಡಲೇ ನೋವು ಮಾಯವಾಗುವುದಿಲ್ಲವೇ, ಹಾಗೆ. ಅವನು ಮೀಟರು ಹಿಡಿದು ನೋಡಿ, "ಸಿಗ್ನಲ್ ಚೆನ್ನಾಗೇ ಇದೆ ಅಕ್ಕಾ. ಸಂಜೆ ಮಾತ್ರ ಕೆಡುತ್ತೆ ಅಂದ್ರೆ, ಹತ್ತಿರದಲ್ಲೇ ಯಾವುದೋ ಕರೆಂಟಿನ ಸಾಮಾನು ಅಡ್ಡ ಬರ್ತಿದೆ. ಕೆಟ್ಟಾಗ ಒಂದೊಂದೇ ಆರಿಸಿ ನೋಡಿ, ಕಳ್ಳ ಸಿಗ್ತಾನೆ" ಎಂದು ಹೋದ.

ಗುಂಡಿಯಕ್ಕನಿಗೆ ಹುಡುಕುವ ಅಗತ್ಯವೇ ಕಾಣಲಿಲ್ಲ. ಕಳ್ಳ ಯಾರೆಂದು ಅವಳ ಮನಸ್ಸು ಆಗಲೇ ತೀರ್ಪು ಕೊಟ್ಟಿತ್ತು. ಮೇಲಿನ ಮಹಡಿಯಲ್ಲಿ ಬ್ಯೂಟಿ ಪಾರ್ಲರು ನಡೆಸುತ್ತಿದ್ದ ಪಾರ್ಲರಮ್ಮ ಕೂದಲು ಒಣಗಿಸುವ ಹೊಸ ಯಂತ್ರ ತಂದಿದ್ದಳು. ಸಂಜೆಯಾದರೆ ಗಿರಾಕಿಗಳು ಜಾಸ್ತಿ, ಗುಂಯ್ ಎನ್ನುವ ಸದ್ದು ಕೆಳಗಿನವರೆಗೂ ಕೇಳಿಸುತ್ತಿತ್ತು. ಸಾಲದ್ದಕ್ಕೆ ಪಾರ್ಲರಿನ ವಾರದ ರಜೆಯ ದಿನ ಟಿವಿಗೆ ಏನೂ ಆಗಿರಲಿಲ್ಲ. ಆ ದಿನ ತಾನೂ ಹೊಲಿಗೆ ಯಂತ್ರ ಮುಚ್ಚಿಟ್ಟು ನೂಲು ತರಲು ಹೋಗುತ್ತೇನೆಂಬುದು ಅವಳಿಗೆ ಹೊಳೆಯಲೇ ಇಲ್ಲ.

ಸಂಜೆ ಟಿವಿಯಲ್ಲಿ ಮುಖ ಒಡೆದದ್ದೇ ತಡ, ಕೈಯಲ್ಲಿ ಕತ್ತರಿ ಹಿಡಿದೇ ಮೇಲೆ ಹತ್ತಿದಳು.

"ನಿನ್ನ ಆ ಗಾಳಿ ಯಂತ್ರ ಆರಿಸ್ತೀಯಾ ಇಲ್ವಾ? ಜನರ ಜುಟ್ಟು ಒಣಗಿಸೋಕೆ ನನ್ನ ಗಂಡನ ಮಾತು ಒಣಗಿಸ್ತಿದ್ದೀಯ!"

ಪಾರ್ಲರಮ್ಮ ಕತ್ತರಿಯನ್ನು ನೋಡಿದಳು, ಅದನ್ನು ಹಿಡಿದವಳ ಮುಖವನ್ನೂ ನೋಡಿದಳು. "ಅಕ್ಕಾ, ಮೊದ್ಲು ಆ ಕತ್ತರಿ ಕೆಳಗಿಡಿ. ಇವತ್ತು ಬೆಳಗ್ಗೆಯಿಂದ ನನ್ನ ಡ್ರೈಯರ್ ಕೆಟ್ಟು ಕೂತಿದೆ. ಬೇಕಾದ್ರೆ ಮುಟ್ಟಿ ನೋಡಿ, ತಣ್ಣಗಿದೆ."

ಗುಂಡಿಯಕ್ಕ ನಿಜಕ್ಕೂ ಮುಟ್ಟಿ ನೋಡಿದಳು. ತಣ್ಣಗಿತ್ತು. ಇಷ್ಟು ದೂರ ಹೊತ್ತು ತಂದ ಜಗಳವನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ನಿಂತಳು. ಕಣ್ಣು ತುಂಬಿ ಬಂತು. "ಅವರು 'ನಮ' ಅನ್ನೋವರೆಗೂ ಬಂದಿದ್ರು ಕಣೇ" ಎಂದಳು.

ಪಾರ್ಲರಮ್ಮ ಗಿರಾಕಿಯ ತಲೆಗೆ ಟವೆಲು ಸುತ್ತಿ, "ನೀವು ಸ್ವಲ್ಪ ಹೊತ್ತು ಪುಸ್ತಕ ನೋಡ್ತಿರಿ" ಎಂದು ಹೇಳಿ ಗುಂಡಿಯಕ್ಕನ ಜೊತೆ ಕೆಳಗಿಳಿದು ಬಂದಳು.

ಇಬ್ಬರೂ ಸೇರಿ ಶುರುಮಾಡಿದರು. ಫ್ರಿಜ್ಜು ಆರಿಸಿದರು, ವಾರ್ತೆಯವಳ ಮುಖ ಕೂಡಲಿಲ್ಲ. ಫ್ಯಾನು ನಿಲ್ಲಿಸಿದರು, ಇಲ್ಲ. ಮೊಬೈಲಿನ ಚಾರ್ಜರು ಕಿತ್ತರು, ಅಡುಗೆಮನೆಯ ದೀಪವನ್ನೂ ಆರಿಸಿದರು. ಏನೂ ಆಗಲಿಲ್ಲ. ಕಂಡಕ್ಟರು ಕುರ್ಚಿಯ ಕೈ ಹಿಡಿದು ಅರ್ಧ ಎದ್ದು ನಿಂತು, ಹೊಲಿಗೆ ಯಂತ್ರದ ಕಡೆ ಬೆರಳು ತೋರಿಸಿ, "ದೀ! ದೀ!" ಎಂದು ಕೂಗಿದರು.

"ದಿಂಬು ಅಲ್ಲೇ ಇದೆಯಲ್ರೀ" ಎಂದಳು ಗುಂಡಿಯಕ್ಕ, ಸೋತ ದನಿಯಲ್ಲಿ.

"ದಿಂಬಲ್ಲ ಅಕ್ಕಾ" ಎಂದಳು ಪಾರ್ಲರಮ್ಮ, ಅವರ ಬೆರಳು ಹೋದ ಕಡೆಯೇ ನೋಡುತ್ತ. "ದೀಪ ಅಂತಿದ್ದಾರೇನೋ."

ಯಂತ್ರದ ಅಂಚಿಗೆ ಕಚ್ಚಿಕೊಂಡು, ಕತ್ತು ಬಗ್ಗಿಸಿ ನಿಂತಿತ್ತು ಗುಂಡಿಯಕ್ಕನ ಹೊಸ ಎಲ್‌ಇಡಿ ದೀಪ. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗದೆ, ಮೂಲೆಯಂಗಡಿಯಿಂದ ಅಗ್ಗಕ್ಕೆ ತಂದದ್ದು. ಆಂಟೆನಾ ಇದ್ದದ್ದು ಅದರಿಂದ ಒಂದು ಮೊಳ ಮೇಲೆ. ಸಂಜೆ ವಾರ್ತೆಗೆ ಅವರು ಕೂತರೆ ಇವಳು ಹೊಲಿಗೆಗೆ ಕೂರುವಳು. ಕೂತ ಕೂಡಲೇ ದೀಪ ಹಚ್ಚುವಳು.

ಗುಂಡಿಯಕ್ಕ ಸ್ವಿಚ್ಚು ಒತ್ತಿದಳು. ದೀಪ ಆರಿತು. ಒಡೆದ ಹಣೆ, ಗಲ್ಲ, ಬಾಯಿ ಎಲ್ಲ ಸರಸರನೆ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ವಾರ್ತೆಯವಳು ಏನೂ ಆಗಿಲ್ಲವೆಂಬಂತೆ ಎಲ್ಲೋ ಸೇತುವೆ ಕಟ್ಟುವ ಸುದ್ದಿ ಹೇಳುತ್ತಿದ್ದಳು. ನಂಬಿಕೆ ಬಾರದೆ ದೀಪ ಮತ್ತೆ ಹಚ್ಚಿದಳು, ಮುಖ ಚೂರಾಯಿತು. ಆರಿಸಿದಳು, ಕೂಡಿತು.

ಕಂಡಕ್ಟರು ಕುರ್ಚಿಗೆ ಒರಗಿ, ಉಸಿರು ಬಿಟ್ಟು, ತುಟಿ ಒತ್ತಿ ಒತ್ತಿ ಹೇಳಿದರು: "ದೀ...ಪ."

ಗುಂಡಿಯಕ್ಕ ಅವರ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟಳು. "ಅಯ್ಯೋ ನನ್ನ ಬುದ್ಧಿಗಿಷ್ಟು! ಮನೆ ತುಂಬ ದಿಂಬು ತಂದು ಸುರಿದ್ನಲ್ಲ!" ಎಂದು ನಗಲು ಹೋಗಿ ಅತ್ತಳು, ಅಳಲು ಹೋಗಿ ನಕ್ಕಳು. ಗಂಡನಿಗೆ ಬುದ್ಧಿ ಮಸುಕಾಗುತ್ತಿದೆಯೇನೋ ಎಂದು ಯಾರಿಗೂ ಹೇಳದೆ ಒಳಗೊಳಗೇ ಹೆದರಿದ್ದಳು ಅವಳು. ಮಸುಕಾಗುವುದಿರಲಿ, ಮನೆಯಲ್ಲಿ ಎಲ್ಲರಿಗಿಂತ ಮೊದಲು ಕಂಡುಹಿಡಿದವರೇ ಅವರು. ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು.

ಪಾರ್ಲರಮ್ಮ ಬಾಗಿಲಿನತ್ತ ಹೊರಟಾಗ ಗುಂಡಿಯಕ್ಕ ಅವಳ ಕೈ ಹಿಡಿದಳು. "ಬಾಯಿಗೆ ಬಂದಂಗೆ ಅಂದ್ಬಿಟ್ಟೆ ಕಣಮ್ಮಾ, ಮನಸ್ಸಿಗೆ ಹಚ್ಕೋಬೇಡ."

"ಬಿಡಿ ಅಕ್ಕಾ. ಮೇಲೆ ಆ ಯಮ್ಮನ ತಲೆ ಟವೆಲ್ಲಲ್ಲೇ ಬೆಂದು ಹೋಗಿರುತ್ತೆ" ಎಂದು ಅವಳು ಮೆಟ್ಟಿಲು ಹತ್ತಿ ಓಡಿದಳು.

ಮರುದಿನ ಗುಂಡಿಯಕ್ಕ ಹೊಲಿಗೆ ಯಂತ್ರವನ್ನು ದೀಪದ ಸಮೇತ ಒಳಕೋಣೆಗೆ ಸಾಗಿಸಿದಳು. ಸಂಜೆಯ ವಾರ್ತೆ ಮುಗಿಯುವವರೆಗೆ ಅದನ್ನು ಮುಟ್ಟಬಾರದೆಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡು, ಗಂಡನ ಪಕ್ಕದಲ್ಲೇ ಕುರ್ಚಿ ಎಳೆದು ಕೂತಳು. ವಾರ್ತೆಯವಳು "ನಮಸ್ಕಾರ" ಎಂದಳು. ಕಂಡಕ್ಟರು "ನಮಸ್..." ಎನ್ನುವಷ್ಟರಲ್ಲಿ ಅವಳು ಆಗಲೇ ಸರ್ಕಾರ, ಮಳೆ, ರೈಲು ಎಂದು ದೌಡಾಯಿಸುತ್ತಿದ್ದಳು. ಅವರು ಹುಬ್ಬು ಗಂಟಿಕ್ಕಿ, ತೆರೆಗೆ ಅಂಗೈ ಅಡ್ಡ ಹಿಡಿದು, ಸ್ಪಷ್ಟವಾಗಿ ಗದರಿದರು:

"ನಿಧಾನ!"